ಗಾಯ ಅಳುತ್ತಿದೆಯೇ ಎಂದು ಫೋನ್ ಕೇಳಿತು

ಸಂಜೆಯ ಅಸರ್ ನಮಾಜಿನಲ್ಲಿ ಸಜ್ದಾಕ್ಕೆ ಬಾಗಿದವಳಿಗೆ ಮೇಲೇಳಲು ಆಗಲಿಲ್ಲ.

ಹಣೆ ನೆಲದ ಮೇಲಿತ್ತು. ಬಲ ಮೊಣಕಾಲು ತುಕ್ಕು ಹಿಡಿದ ಕೀಲಿನ ಹಾಗೆ ಅಲ್ಲೇ ಸಿಕ್ಕಿಕೊಂಡಿತ್ತು. ನಮಾಜು ಮುರಿಯಬಾರದೆಂದು ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ತಡೆಯಲಾರದೆ ಕೂಗಿದೆ. ನಮ್ಮ ಮನೆಯವರು ಓಡಿಬಂದು, ಕಂಕುಳಿಗೆ ಕೈಹಾಕಿ ಎತ್ತಿ, ಮಂಚದ ಮೇಲೆ ಕೂರಿಸಿದರು.

ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಹೆಸರು ನೂರ್‌ಜಹಾನ್. ಊರಿನಲ್ಲಿ ಆ ಹೆಸರು ಯಾರಿಗೂ ಬೇಕಿಲ್ಲ, ಎಲ್ಲರಿಗೂ ನಾನು ಟೀಚರ್. ಮನೆಯವರ ಹೆಸರು ಗೌಸ್, ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು. ಮೊಣಕಾಲಿನ ನೋವು ಹೊಸದಲ್ಲ. ಎಣ್ಣೆ, ಬೆಲ್ಟು, ಬಿಸಿನೀರಿನ ಚೀಲ ಎಂದು ಎಷ್ಟೋ ಕಾಲ ತಳ್ಳಿದ್ದೆ. ಆ ಸಂಜೆಯ ಮೇಲೆ ತಳ್ಳಲಾಗಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಇನ್ನೂ ಚಿಕ್ಕ ವಯಸ್ಸು, ಮೃದು ಮಾತು.

"ಕಾರ್ಟಿಲೇಜ್ ಪೂರ್ತಿ ಸವೆದಿದೆ ಟೀಚರ್. ಮೂಳೆಗೆ ಮೂಳೆ ಉಜ್ತಾ ಇದೆ. ನೀ ರಿಪ್ಲೇಸ್‌ಮೆಂಟ್, ಅಂದ್ರೆ ಮೊಣಕಾಲಿನ ಕೀಲು ಬದಲಾಯಿಸೋದು ಬಿಟ್ರೆ ಬೇರೆ ದಾರಿ ಇಲ್ಲ."

"ಆಮೇಲೆ ನೆಲದ ಮೇಲೆ ಕೂರಬಹುದಾ?"

"ಕೂರಬೇಡಿ. ನಮಾಜು ಕುರ್ಚಿ ಮೇಲೆ ಮಾಡಿ. ಆದ್ರೆ ನಡೀತೀರಿ, ನೋವಿಲ್ದೆ ನಡೀತೀರಿ."

ಒಪ್ಪಿಕೊಂಡೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ತೊಡೆಯಿಂದ ಕೆಳಗಿನದು ನನ್ನ ಕಾಲೇ ಅಲ್ಲ, ಯಾರದೋ ಮರದ ಕಾಲನ್ನು ತಂದು ಹೊಲಿದಿದ್ದಾರೆ ಅನ್ನಿಸಿತು. ಎಲ್ಲರಿಗೂ ಹಾಗೇ ಅನ್ನಿಸುತ್ತದಂತೆ.

ಡಿಸ್ಚಾರ್ಜ್ ಮಾಡುವ ದಿನ ಒಬ್ಬಳು ಹುಡುಗಿ ಬಂದಳು. ಆಸ್ಪತ್ರೆಯವರು ಅವಳನ್ನು ಕೇರ್ ಕೋಆರ್ಡಿನೇಟರ್ ಎನ್ನುತ್ತಾರೆ. ನನ್ನ ಫೋನ್ ತೆಗೆದುಕೊಂಡು ಅದರಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು.

"ಇನ್ಮೇಲೆ ಸುಮ್‌ಸುಮ್ನೆ ಭದ್ರಾವತಿಯಿಂದ ಇಲ್ಲಿಗೆ ಓಡಿ ಬರೋದೇ ಬೇಡ ಆಂಟಿ. ಎಕ್ಸರ್‌ಸೈಜ್ ಇದೇ ಹೇಳ್ಕೊಡತ್ತೆ. ದಿನಾ ಪ್ರಶ್ನೆ ಕೇಳತ್ತೆ, ಉತ್ತರ ಒತ್ತಿದ್ರೆ ನಮಗಿಲ್ಲಿ ಗೊತ್ತಾಗತ್ತೆ. ಕನ್ನಡದಲ್ಲೂ ಇದೆ."

ಕನ್ನಡದಲ್ಲೂ ಇದೆ ಎಂದದ್ದು ಕೇಳಿ ನನಗೆ ಸಂತೋಷವಾಗಿತ್ತು. ಆ ಸಂತೋಷ ಮನೆ ಸೇರುವವರೆಗೆ ಉಳಿಯಿತು.

ಮೊದಲ ಬೆಳಿಗ್ಗೆ ಆ್ಯಪ್ "ಹಿಮ್ಮಡಿ ಜಾರಿಕೆಗಳನ್ನು ನಿರ್ವಹಿಸಿ" ಎಂದಿತು. ಮಲಗಿಕೊಂಡು ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೊಣಕಾಲು ಮಡಚಬೇಕು ಎಂಬುದು ವಿಡಿಯೋ ನೋಡಿದ ಮೇಲೆ ತಿಳಿಯಿತು. ವಿಡಿಯೋದಲ್ಲಿ ಚಡ್ಡಿ ಹಾಕಿದ ತೆಳ್ಳನೆಯ ಹುಡುಗಿಯೊಬ್ಬಳು ನಗುನಗುತ್ತಾ ಕಾಲು ಮಡಚುತ್ತಿದ್ದಳು. ಅವಳ ಮೊಣಕಾಲನ್ನು ಯಾರೂ ಕತ್ತರಿಸಿರಲಿಲ್ಲ. ನಾನು ಮಡಚಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡೆ. ಫೋನ್ ಟಿಣ್ ಎಂದಿತು. ಒಂದು ನಕ್ಷತ್ರ ಗೆದ್ದೆನಂತೆ.

ಕಾಲು ಎಷ್ಟು ಮಡಚುತ್ತದೆ ಎಂದು ಕ್ಯಾಮೆರಾದಲ್ಲಿ ಅಳೆಯುವ ವ್ಯವಸ್ಥೆಯೂ ಇತ್ತು. ಮನೆಯವರು ಫೋನನ್ನು ಕುರ್ಚಿಯ ಮೇಲೆ ತಲೆದಿಂಬಿಗೆ ಒರಗಿಸಿಟ್ಟರು. ನಾನು ನೈಟಿ ಹಾಕಿಕೊಂಡು ಮಂಚದ ಮೇಲೆ. ಫೋನ್ ನೋಡಿ, ನೋಡಿ, ಕೊನೆಗೆ ಹೇಳಿತು: "ವ್ಯಕ್ತಿ ಪತ್ತೆಯಾಗಿಲ್ಲ."

"ಲೈಟ್ ಸಾಲ್ದೇನೋ," ಎಂದು ಮನೆಯವರು ಕಿಟಕಿ ತೆರೆದರು.

ವ್ಯಕ್ತಿ ಪತ್ತೆಯಾಗಿಲ್ಲ.

"ನೈಟಿ ಇನ್ನೂ ಸ್ವಲ್ಪ ಮೇಲೆ ಎತ್ತು."

"ಫೋನಿನ ಮುಂದೆ ಇನ್ನೆಷ್ಟು ಎತ್ತಲಿ?" ಎಂದು ರೇಗಿದೆ. ಆ ಕಡೆ ಅದನ್ನು ಯಾರು ನೋಡುತ್ತಾರೋ ಯಾರಿಗೆ ಗೊತ್ತು. ಅವರು ಬೇಸರದಿಂದ ಫೋನ್ ಮಗುಚಿಟ್ಟು ಅಂಗಡಿಗೆ ಹೊರಟರು. ಕಾಲು ಕೆಟ್ಟರೆ ಕಾಲೊಂದೇ ಕೆಡುವುದಿಲ್ಲ. ಬೆಳಗಿನ ಚಹಾ ಕೆಡುತ್ತದೆ, ಗಂಡ ಹೆಂಡತಿಯ ಮಾತು ಕೆಡುತ್ತದೆ. ಕಮೋಡಿನವರೆಗೆ ಹೋಗಲು ಇನ್ನೊಬ್ಬರ ಭುಜ ಕೇಳಬೇಕಾದಾಗ, ಇಷ್ಟು ವರ್ಷ ಜೊತೆಗಿದ್ದವರ ಮುಂದೆಯೂ ನಾಚಿಕೆಯಾಗುತ್ತದೆ. ಆ ನಾಚಿಕೆ ಸಿಟ್ಟಾಗಿ ಅವರ ಮೇಲೆಯೇ ಬೀಳುತ್ತದೆ.

ಪ್ರಶ್ನೆಗಳು ಬರುತ್ತಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಜ್ವರ ಇದೆಯೇ? ಇಲ್ಲ. ಮಾತ್ರೆ ತೆಗೆದುಕೊಂಡಿರಾ? ಹೌದು. ಆಮೇಲೆ ಇದು:

"ನಿಮ್ಮ ಗಾಯ ಅಳುತ್ತಿದೆಯೇ?"

ಮೊದಲ ಸಲ ಓದಿದಾಗ ಜೋರಾಗಿ ನಕ್ಕುಬಿಟ್ಟೆ. ಆಪರೇಷನ್ ಆದಮೇಲೆ ನಾನು ನಕ್ಕದ್ದು ಅದೇ ಮೊದಲು. "ಕೇಳಿ ಇಲ್ಲಿ, ಗಾಯ ಅಳ್ತಾ ಇದೆಯಾ ಅಂತೆ," ಎಂದು ಮನೆಯವರಿಗೆ ಓದಿ ಹೇಳಿದೆ.

"ಗಾಯ ಯಾಕೆ ಅಳತ್ತೆ, ಅಳೋದು ನೀನಲ್ವಾ? ಇಲ್ಲ ಅಂತ ಒತ್ತು," ಎಂದರು.

ಇಲ್ಲ ಎಂದು ಒತ್ತಿದೆ. ದಿನಾ ಒತ್ತಿದೆ. ನೋವು ಹೆಚ್ಚಿದೆಯೋ ಎಂದು ಕೇಳುತ್ತಿರಬೇಕು ಅಂದುಕೊಂಡಿದ್ದೆ. ಆಗ ನೋವು ತಡೆಯುವಷ್ಟೇ ಇತ್ತು. ಒತ್ತಿದ ಕೂಡಲೇ ಹಸಿರು ಗುರುತು ಬರುತ್ತಿತ್ತು. "ನಿಮ್ಮ ಚೇತರಿಕೆ ಹಾದಿಯಲ್ಲಿದೆ." ಈ ವಾಕ್ಯವನ್ನು ನನ್ನ ಶಾಲೆಯ ಮಕ್ಕಳು ಯಾರಾದರೂ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಆ ವಾರದ ಕೊನೆಗೆ ಬ್ಯಾಂಡೇಜಿನ ಕೆಳತುದಿಯಲ್ಲಿ ಒದ್ದೆ ಕಂಡಿತು. ತಿಳಿಹಳದಿ ನೀರು, ಸ್ವಲ್ಪ ರಕ್ತದ ಬಣ್ಣ. ಬೆವರು ಇರಬಹುದು ಎಂದು ಮನೆಯವರು. ನನಗೆ ಸಮಾಧಾನವಾಗಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿಸಿದೆ.

"ಫೋಟೋ ತೆಗೆದು ಆ್ಯಪ್‌ನಲ್ಲಿ ಹಾಕಿ ಅಂಕಲ್, ಟೀಮ್ ನೋಡತ್ತೆ," ಎಂದಳು ಅದೇ ಹುಡುಗಿ.

ಫೋಟೋ ತೆಗೆದೆವು. ಆ್ಯಪಿನಲ್ಲಿ ಒಂದು ಚಕ್ರ ಸುತ್ತಿತು. ಸುತ್ತುತ್ತಲೇ ಇತ್ತು. "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ." ಮತ್ತೆ ಪ್ರಯತ್ನಿಸಿದೆವು. ಸಂಜೆಗೆ ಇನ್ನೊಮ್ಮೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತಿ, "ನಿಮ್ಮದು ಎಲ್ಲಾ ಗ್ರೀನ್ ಇದೆಯಲ್ಲ ಸರ್, ಏನೂ ಯೋಚ್ನೆ ಮಾಡ್ಬೇಡಿ" ಎಂದರು.

ಗ್ರೀನ್ ಅನ್ನುವ ಆ ಮಾತು ನಮ್ಮನ್ನು ಇನ್ನೂ ಎರಡು ದಿನ ಮನೆಯಲ್ಲೇ ಕೂರಿಸಿತು.

ಹೊಳೆಹೊನ್ನೂರಿನಿಂದ ಶಕುಂತಲಾ ನನ್ನನ್ನು ನೋಡಲು ಬಂದಳು. ಶಾಲೆಯಲ್ಲಿ ನಾನು ಕನ್ನಡ, ಅವಳು ಗಣಿತ. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿ. ಬಾಳೆಹಣ್ಣಿನ ಚೀಲ ಕೆಳಗಿಟ್ಟವಳು ಕೂರಲೂ ಇಲ್ಲ.

"ಏನೇ ಇದು ವಾಸನೆ?"

ನಾನು ಒದ್ದೆಯಾದ ಬಟ್ಟೆ ತೋರಿಸಿದೆ. ಆ್ಯಪು, ಫೋಟೋ, ಹಸಿರು ಗುರುತು ಎಲ್ಲ ಹೇಳತೊಡಗಿದೆ. ಅವಳು ಪೂರ್ತಿ ಕೇಳಲಿಲ್ಲ.

"ಮಾರಾಯ್ತಿ, ಹಸಿರೂ ಬೇಡ ಕೆಂಪೂ ಬೇಡ, ಎದ್ದೇಳು. ರೀ ಗೌಸ್ ಭಾಯ್, ಕಾರ್ ತೆಗೀರಿ!"

ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ಕಾಲು ಚಾಚಿ ಶಿವಮೊಗ್ಗ ಸೇರಿದೆ. ರಸ್ತೆಯ ಪ್ರತಿ ಉಬ್ಬೂ ಮೊಣಕಾಲಿಗೆ ತಾಗಿತು. ಅಷ್ಟರಲ್ಲಿ ಮೈ ಕಾಯುತ್ತಿತ್ತು.

ಡಾಕ್ಟರು ಬ್ಯಾಂಡೇಜು ಬಿಚ್ಚಿಸಿದರು. ಅವರ ಮುಖ ನೋಡಿದೆ. ಏನೂ ಕೇಳಬೇಕಾಗಲಿಲ್ಲ.

"ಯಾವಾಗಿಂದ ಸೋರ್ತಿದೆ? ನೀವು ದಿನಾ 'ನೋ' ಅಂತಲೇ ಹಾಕಿದೀರಲ್ಲ ಟೀಚರ್," ಎಂದು ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಅವರ ಪರದೆಯಲ್ಲಿ ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಈಸ್ ಯುವರ್ ವೂಂಡ್ ವೀಪಿಂಗ್? ಇಂಗ್ಲಿಷಿನಲ್ಲಿ ವೀಪಿಂಗ್ ಎಂದರೆ ಅಳುವುದೂ ಹೌದು, ಗಾಯ ಸೋರುವುದೂ ಹೌದು. ಅದರ ಮುಂದೆ ನನ್ನ ಉತ್ತರಗಳ ಸಾಲು. ಇಲ್ಲ, ಇಲ್ಲ, ಇಲ್ಲ.

ನಾನು ನನ್ನ ಫೋನ್ ತೆಗೆದು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ತೋರಿಸಿದೆ.

ಡಾಕ್ಟರು ಎರಡು ಸಲ ಓದಿದರು. ಕೈಯಿಂದ ಹಣೆ ಉಜ್ಜಿಕೊಂಡರು.

"ಇದನ್ನ ನಮ್ಮಲ್ಲಿ ಯಾರೂ ಕನ್ನಡದಲ್ಲಿ ತೆಗೆದು ನೋಡೇ ಇಲ್ಲ," ಎಂದರು.

ಗಾಯದಲ್ಲಿ ಇನ್‌ಫೆಕ್ಷನ್ ಆಗಿತ್ತು. ಮತ್ತೆ ತೆರೆದು, ಒಳಗೆಲ್ಲ ತೊಳೆದು, ಹೊಸ ಕೀಲಿನ ಪ್ಲಾಸ್ಟಿಕ್ ಭಾಗವನ್ನು ಬದಲಾಯಿಸಬೇಕು. ಅದರಿಂದಲೂ ಕಡಿಮೆಯಾಗದಿದ್ದರೆ ಹಾಕಿದ ಕೀಲನ್ನೇ ತೆಗೆಯಬೇಕಾಗಬಹುದು.

ತೆಗೆದರೆ ಆ ಕಾಲಿನ ಮೇಲೆ ತಿಂಗಳುಗಟ್ಟಲೆ ನಿಲ್ಲುವಂತಿಲ್ಲ.

ಸ್ಟ್ರೆಚರಿನ ಮೇಲೆ ಮಲಗಿದ್ದಾಗ ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಒಂದು ಪದಕ್ಕೆ ಇನ್ನೊಂದು ಪದ ಹುಡುಕುವುದನ್ನೇ ಜೀವನವಿಡೀ ಮಕ್ಕಳಿಗೆ ಕಲಿಸಿದ್ದೆ. ಹುಣ್ಣು ಸೋರುತ್ತದೆ, ಒಸರುತ್ತದೆ, ರಸಿಗೆ ಬರುತ್ತದೆ, ಕೀವಾಗುತ್ತದೆ. ನಮ್ಮ ಭಾಷೆಯಲ್ಲಿ ಗಾಯಕ್ಕೆ ಮಾತಿನ ಬರವಿಲ್ಲ. ಯಾವ ಊರಿನ ಯಾವ ಅನುವಾದದ ಯಂತ್ರವೋ ಅಳು ಎಂಬುದನ್ನು ಆರಿಸಿ ನನ್ನ ಫೋನಿಗೆ ಕಳಿಸಿತ್ತು. ಮನೆಯವರು ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಪಕ್ಕದಲ್ಲೇ ಬಂದರು. "ನಾನೇ ಇಲ್ಲ ಅಂತ ಒತ್ತು ಅಂದೆ," ಎಂದರು. "ನಕ್ಕೊ ಜೀ, ಬೇಡ, ಅದನ್ನ ಈಗ ಹೇಳಬೇಡಿ," ಎಂದೆ. ಇಬ್ಬರೂ ಓದಿದ್ದೆವು, ಇಬ್ಬರೂ ನಕ್ಕಿದ್ದೆವು.

ಕೀಲು ಉಳಿಯಿತು. ಆಸ್ಪತ್ರೆಯಲ್ಲಿ ಡ್ರಿಪ್ಪಿನ ಔಷಧಿ, ಆಮೇಲೆ ಮನೆಯಲ್ಲಿ ಬಹಳ ಕಾಲ ಮಾತ್ರೆ. ಹೊಟ್ಟೆ ಕೆಟ್ಟಿತು, ಬಾಯಿರುಚಿ ಹೋಯಿತು. ಕಾಲು ಡಾಕ್ಟರು ಬಯಸಿದಷ್ಟು ಮಡಚುವುದಿಲ್ಲ. ಇನ್ನು ಮುಂದೆಯೂ ಮಡಚುವುದು ಅನುಮಾನ ಎಂದು ಅವರೇ ಮುಚ್ಚಿಡದೆ ಹೇಳಿದರು.

ಹಾಸಿಗೆಯ ಮೇಲೆ ಕುಳಿತು ಆ ಪ್ರಶ್ನೆಗಳನ್ನೆಲ್ಲ ತಿದ್ದಿ ಬರೆದೆ. "ಗಾಯದಿಂದ ನೀರು, ರಕ್ತ, ಕೀವು ಏನಾದರೂ ಬರುತ್ತಿದೆಯೇ? ಬ್ಯಾಂಡೇಜು ಒದ್ದೆಯಾಗಿದೆಯೇ?" ಇಷ್ಟೇ ಸಾಕಿತ್ತು. ಡಾಕ್ಟರು ಅದನ್ನು ಆ್ಯಪಿನ ಕಂಪನಿಗೆ ಕಳಿಸಿದರು. ಮುಂದಿನ ಅಪ್‌ಡೇಟಿನಲ್ಲಿ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತಂತೆ. ನಾನು ಆಗಾಗ ಆ್ಯಪ್ ತೆಗೆದು ನೋಡುತ್ತೇನೆ. ಗಾಯ ಇನ್ನೂ ಅಳುತ್ತಲೇ ಇದೆ. ಆದರೆ ಈಗ ಆಪರೇಷನ್ ಆದವರಿಗೆಲ್ಲ ಆಸ್ಪತ್ರೆಯ ನರ್ಸೊಬ್ಬರು ತಾವೇ ಫೋನ್ ಮಾಡಿ ಕೇಳುತ್ತಾರೆ. ಡಾಕ್ಟರು ಅಷ್ಟನ್ನು ಮಾಡಿದರು. ಆ್ಯಪನ್ನು ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ. ಮಾತ್ರೆಯ ಹೊತ್ತು ಅದು ಒಮ್ಮೆಯೂ ತಪ್ಪಿಸಲಿಲ್ಲ.

ಮೊನ್ನೆ ತಪಾಸಣೆ ಮುಗಿಸಿ, ಕಿಟಕಿಯ ಪರದೆ ಬಟ್ಟೆ ತೆಗೆದುಕೊಳ್ಳಲು ದುರ್ಗಿಗುಡಿ ಪೇಟೆಗೆ ಹೋದೆವು. ಕಾರು ನಿಲ್ಲಿಸಲು ಜಾಗ ಸಿಕ್ಕಿದ್ದು ದೂರದಲ್ಲಿ. ನನ್ನ ಕೈಯಲ್ಲಿ ಕೋಲು, ಎದುರಿಗೆ ಸ್ಕೂಟರುಗಳ ಸಂದಣಿ. ಮನೆಯವರಿಗೆ ತಮ್ಮ ಅಂಗಡಿಯಿಂದ ಫೋನ್ ಬಂತು. ಯಾವುದೋ ಲಾರಿಯ ಕ್ಲಚ್ ಪ್ಲೇಟಿನ ವಿಷಯ ಮಾತಾಡುತ್ತಾ ಮುಂದೆ ಮುಂದೆ ನಡೆದುಬಿಟ್ಟರು. ಹಿಂತಿರುಗಿ ಕೂಡ ನೋಡಲಿಲ್ಲ.

ಸಿಟ್ಟು ಬಂತು. ನಿಲ್ಲಿ ಎಂದು ಕೂಗಲು ಬಾಯಿ ತೆರೆದೆ. ಆಗ ಹೊಳೆಯಿತು. ಆಪರೇಷನ್ ಆದಮೇಲೆ ಅವರು ನನ್ನ ಕಾಲನ್ನು ಮರೆತು ನಡೆದದ್ದು ಇದೇ ಮೊದಲು.

ಕೂಗಲಿಲ್ಲ. ನನ್ನ ಪಾಡಿಗೆ ಬಟ್ಟೆ ಅಂಗಡಿಯವರೆಗೆ ನಡೆದೆ.