ಶನಿವಾರದ ಭಜನೆಯ ರಾಕ್ ಗಾಯಕಿ

ಕೊಪ್ಪದ ನಮ್ಮ ರಾಕ್ ಬ್ಯಾಂಡಿಗೆ ಹೊಸ ಗಾಯಕಿಯಾಗಿ ಬಂದವಳು ಹರಿಹರಪುರದ ಕಡೆಯವಳು. ನಾನು ಡ್ರಮ್ಸ್ ಬಾರಿಸುತ್ತಿದ್ದೆ. ಅವಳು ಕೂದಲನ್ನು ತುರುಬು ಕಟ್ಟಿ, ಚಪ್ಪಲಿ ಬಿಟ್ಟು ವೇದಿಕೆ ಹತ್ತುತ್ತಿದ್ದಳು. ಬಾಯಿ ತೆರೆದರೆ ಸ್ಪೀಕರ್ ನಡುಗುತ್ತಿತ್ತು. ಆದರೆ ಪ್ರತಿ ಶನಿವಾರ ಊರಿನ ಭಜನಾ ಮಂಡಳಿಯಲ್ಲಿ ಹಾಡು ಹೇಳಿಕೊಡುವವಳೂ ಅವಳೇ ಎಂದು ಗೊತ್ತಾದ ಮೇಲೆ ನಮ್ಮ ಅಭಿಮಾನಿಗಳು ನಿದ್ದೆಗೆಟ್ಟರು.

ಮೇಗುಂದದ ಕಾರ್ಯಕ್ರಮ ಮುಗಿದದ್ದೇ ತಡ, ತಲೆಬುರುಡೆಯ ಟೀ ಶರ್ಟ್ ತೊಟ್ಟ ಅಭಿಮಾನಿ ಬಳಗದ ಅಧ್ಯಕ್ಷ ಅವಳನ್ನು ಅಡ್ಡಗಟ್ಟಿದ.

“ಚಪ್ಪಲಿ ಯಾಕೆ ಬಿಟ್ರಿ? ಇದೆಂತ ದೇವಸ್ಥಾನನಾ?”

“ಹಲಗೆ ಜಾರತ್ತೆ ಮಾರಾಯ.”

“ನಾಳೆ ನಮ್ಮ ಹಾಡನ್ನೂ ಭಜನೆ ಮಾಡಿಬಿಟ್ರೆ?”

“ಅದಕ್ಕೆಂತ ಈಗ?” ಎಂದಳು. ಯಾರು ಏನೇ ತಕರಾರು ತೆಗೆದರೂ ಅವಳ ಉತ್ತರ ಅದೊಂದೇ. “ಅನುಮಾನ ಇದ್ರೆ ಶನಿವಾರ ಬಂದು ನೋಡು.”

ಅವನು ನಿಜಕ್ಕೂ ಪತ್ತೇದಾರಿಕೆಗೆ ಹೋದ. ಹುಡುಗಿ ರಾಕ್ ಸೇರಿ ಕೆಟ್ಟಳೆಂದು ಮಂಡಳಿಯ ಹೆಂಗಸರೂ ಕೊರಗುತ್ತಿದ್ದರು. “ನೀನೂ ಅವಳ ಚಿಂತೇಲೇ ಬಂದ್ಯಾ? ಕೂತ್ಕೊ” ಎಂದು ಅವನ ಕೈಗೆ ತಾಳ ಕೊಟ್ಟರು. ಸುಮ್ಮನೆ ಕೂರುವುದು ಹೇಗೆಂದು ಬಾರಿಸಿದ. ಸಾಕ್ಷ್ಯ ಸಾಲದೆಂದು ಮುಂದಿನ ವಾರವೂ ಹೋದ. ಆಮೇಲೆ ಇಡೀ ಬಳಗವನ್ನೇ ಕರೆದುಕೊಂಡು ಹೋದ.

ಕೆಲವು ತಿಂಗಳ ನಂತರ ಶೃಂಗೇರಿಯಲ್ಲಿ ನಮಗೊಂದು ಕಾರ್ಯಕ್ರಮ ಸಿಕ್ಕಿತು. ಅದು ಶನಿವಾರವೇ ಇದ್ದುದರಿಂದ ಅವಳು ಮಂಡಳಿಗೆ ರಜೆ ಹೇಳಿ ಬಂದಳು. ನೋಡಿದರೆ ಎದುರಿನ ಕುರ್ಚಿಗಳೆಲ್ಲ ಖಾಲಿ. ಗಾಬರಿಯಿಂದ ಅಧ್ಯಕ್ಷನಿಗೆ ಫೋನ್ ಮಾಡಿದಳು.

“ಬರಕ್ಕಾಗಲ್ಲ ಅಕ್ಕ,” ಎಂದ ಅವನು ಗಂಭೀರವಾಗಿ. “ನೀವು ಬೇರೆ ಇಲ್ಲ. ಇವತ್ತು ಇಲ್ಲಿ ಹಾಡು ಹೇಳಿಕೊಡೋದು ನಾನೇ.”