ಕಾಟ್ಪಾಡಿಯವರೆಗೆ ಒಂದೇ ರೈಲು

ಸಮುದ್ರದ ನೀರು ಉಪ್ಪು ಎಂದರೆ ನನ್ನ ಹೆಂಡತಿ ಕೊನೆಯವರೆಗೂ ನಂಬಲಿಲ್ಲ. ಅವಳು ಬೇತಮಂಗಲದ ಕೆರೆಯ ಮಗ್ಗುಲಿನ ಊರಿನವಳು, ನನ್ನ ಸೋದರಮಾವನ ಮಗಳು. ಹುಟ್ಟಿದಾಗಿನಿಂದ ಕಣ್ಣೆದುರಿಗೆ ಅಷ್ಟು ದೊಡ್ಡ ಕೆರೆ ಇದ್ದವಳಿಗೆ ನೀರಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾವು ಕೋರಮಂಡಲ ಅನ್ನುವ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ, ಬಿದಿರು ತಟ್ಟಿಯ ಸಾಲುಮನೆಯಲ್ಲಿದ್ದೆವು. ಪಕ್ಕದ ಮನೆಗೆ ಮದರಾಸಿನ ಕಡೆಯ ಹೆಂಗಸೊಬ್ಬಳು ಬಂದು, ಸಮುದ್ರಕ್ಕೆ ಆಚೆ ದಡವೇ ಇಲ್ಲ, ನೀರು ಬಾಯಿಗಿಟ್ಟರೆ ಬರೀ ಉಪ್ಪು ಎಂದು ಹೇಳಿಹೋದಳು. ಇವಳು ನಕ್ಕೂ ನಕ್ಕೂ ಸುಸ್ತಾದಳು.

"ಆಚೆ ದಡ ಇಲ್ಲ ಅಂದ್ರೆ ಓಗ್ಲಿ, ನಂಬಾನ. ಅಷ್ಟು ನೀರಿಗೆ ಉಪ್ಪು ಆಕ್ದೋರು ಯಾರು ಬಾವ? ಅವ್ರಪ್ಪನಾ?" ಎಂದು ನನ್ನನ್ನು ಕೇಳಿದಳು. ಆಮೇಲೆ, "ಸಾಯೋದ್ರೊಳಗೆ ಒಂದ್ಸಲ ಓಗಿ, ಬೆರಳು ಅದ್ದಿ, ನಾಲಿಗೆ ಮ್ಯಾಲೆ ಇಟ್ಕೊಂಡು ನೋಡ್ಬೇಕು" ಎಂದಳು.

ಸಾಯುವುದರೊಳಗೆ ಎನ್ನುವ ಮಾತು ಬೇರೆ ಊರುಗಳಲ್ಲಿ ಮುದುಕರ ಬಾಯಲ್ಲಿ ಬರುತ್ತದೆ. ನಮ್ಮ ಲೈನುಗಳಲ್ಲಿ ಹೊಸದಾಗಿ ಮದುವೆಯಾದವರೂ ಹಾಗೆ ಮಾತಾಡುತ್ತಿದ್ದರು. ನೆಲದ ಅಡಿಯಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಮನೆಗಳ ಗೂಡಿನಲ್ಲಿಟ್ಟ ತಟ್ಟೆ ಲೋಟಗಳು ಗಲಗಲ ಅನ್ನುತ್ತಿದ್ದವು. ಆಗ ಲೈನಿನ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಹೀಗಿರುವಾಗ ಮುಂದಿನ ವರ್ಷದ ಮಾತನ್ನು ಗಟ್ಟಿಯಾಗಿ ಆಡಲು ಯಾರಿಗೆ ಧೈರ್ಯ ಬಂದೀತು?

ಅದಕ್ಕೇ ನಾನು ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಇಬ್ಬರೂ ಬಾಗಿಲಲ್ಲಿ ಕೂತು ನಮ್ಮ ಆಸೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದೆವು. ನನ್ನವು ಸಣ್ಣವು. ಗಣಿಯ ಸೈರನ್ನಿನ ಕೂಗು ಕೇಳಿಸದ ಊರಿನಲ್ಲಿ ಒಂದು ದಿನ ಬಿಸಿಲೇರುವ ತನಕ ಮಲಗಬೇಕು, ಹಾರ್ಮೋನಿಯಂ ಕಲಿಯಬೇಕು, ಅಷ್ಟೇ. ಅವಳವು ಹಾಗಲ್ಲ. ಬಂಗಾರಪೇಟೆಯ ಹೋಟೆಲಿನಲ್ಲಿ ಕಾಲು ಇಳಿಬಿಟ್ಟು ಕೂರಬೇಕು, ಬೇರೆ ಯಾರೋ ಬಿಸಿ ದೋಸೆ ತಂದು ಮುಂದಿಡಬೇಕು. ನಾನು ಇಳಿಯುವ ಗಣಿಯೊಳಗೆ ತಾನೂ ಒಂದು ಸಲ ಇಳಿದು ನೋಡಬೇಕು. ಗಣಿಗೆ ಹೆಂಗಸರು ಇಳಿಯುವಂತಿಲ್ಲ ಎಂದರೆ, "ಮೊನ್ನೆ ದೊರೆಸಾನಿ ಟೋಪಿ ಆಕ್ಕೊಂಡು ಇಳಿದ್ಲಲ್ಲ, ಅವಳೇನು ಗಂಡಸಾ?" ಎಂದು ನನ್ನ ಮೇಲೇ ಹರಿಹಾಯುತ್ತಿದ್ದಳು. ಎಲ್ಲದಕ್ಕಿಂತ ಮೇಲೆ ಸಮುದ್ರ. ಅದೊಂದಾದರೆ ಉಳಿದದ್ದು ಆಗದಿದ್ದರೂ ಸರಿ ಎನ್ನುತ್ತಿದ್ದಳು.

ಅಷ್ಟೇನು ದೂರ? ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೂತರೆ ಮದರಾಸು. ಹೋಗಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ನಮ್ಮ ಮನೆಯ ತೊಲೆಗೆ ಒಂದು ಮುಡಿಪು ನೇತುಬಿತ್ತು.

ಗಣಿಯ ಒಳಗೆ ಬಂಡೆ ಕುಸಿಯದಂತೆ ಮರದ ದಿಮ್ಮಿಗಳ ಆನಿಕೆ ಕೊಡುವುದು ನನ್ನ ಕೆಲಸ. ಒಂದು ದಿನ ನಾನು ನಿಲ್ಲಿಸಿದ ದಿಮ್ಮಿಗಳೇ ಮುರಿದು, ಕುಸಿದ ಕಲ್ಲಿನ ಆಚೆ ಸಿಕ್ಕಿಕೊಂಡೆ. ನನ್ನನ್ನು ಅಗೆದು ತೆಗೆಯುವವರೆಗೆ ನನ್ನ ತಾಯಿ ಹಳ್ಳಿಯಿಂದ ಓಡಿಬಂದು ಶಾಫ್ಟಿನ ಬಾಯಲ್ಲಿ ಕೂತಿದ್ದಳಂತೆ. ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ಮಗ ಜೀವಂತ ಬಂದರೆ ಮನೆಮಂದಿಯೆಲ್ಲ ಬೆಟ್ಟ ಹತ್ತಿ ಒಪ್ಪಿಸುತ್ತೇವೆ, ಅಲ್ಲಿಯ ತನಕ ಬೇರೆ ಯಾವ ಯಾತ್ರೆಗೂ ರೈಲು ಹತ್ತುವುದಿಲ್ಲ ಎಂದು ಹರಕೆ ಹೊತ್ತಳು. ನಾನು ಬಂದೆ. ಬರೀ ಕಾಲು ಉಳುಕಿತ್ತು. ಮುಡಿಪು ತೊಲೆಗೆ ಏರಿತು.

"ಅತ್ತೆ, ಕಾಟ್ಪಾಡಿ ತಂಕ ಒಂದೇ ರೈಲಂತೆ" ಎಂದಳು ಇವಳು. "ಅಲ್ಲಿ ಇಳಿದು ಬೇರೆ ರೈಲು ಇಡುದ್ರೆ ತಿರುಪ್ತಿ, ಇಳೀದೆ ಕೂತ್ರೆ ಮದ್ರಾಸು. ಮೊದ್ಲು ಸಮುದ್ರ ನೋಡ್ಕೊಂಡು, ಬರ್ತಾ ದೇವ್ರನ್ನ ನೋಡಾನ."

"ಅಯ್ಯೋ ನಿನ್ ಮನೆ ಕಾಯೋಗ! ದೇವ್ರನ್ನ ಕಾಟ್ಪಾಡೀಲಿ ನಿಲ್ಸಿ ನೀನು ನೀರಾಟಕ್ಕೆ ಓಗ್ತೀಯೇನೇ?" ಎಂದು ನನ್ನ ತಾಯಿ ಕೆನ್ನೆ ಬಡಿದುಕೊಂಡಳು. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ತಿರುಪತಿ. ಅಲ್ಲಿಂದ ಇಳಿದು ಬಂದು ಸಮುದ್ರ. ಹೇಗೂ ಅಷ್ಟು ದೂರ ಹೋದಮೇಲೆ ತಾನೂ ನೋಡುತ್ತೇನೆ ಎಂದು ತಾಯಿಯೂ ಮೆತ್ತಗಾದಳು.

ಇನ್ನು ನಮ್ಮ ದಾಯಾದಿಗಳ ಕಥೆ ಹೇಳಬೇಕು. ಮುತ್ತಜ್ಜನ ಕಾಲದಲ್ಲಿ ಒಡೆದ ಮನೆಗಳು ಬಂಗಾರಪೇಟೆಯ ಸುತ್ತಿನ ಹಳ್ಳಿಗಳಲ್ಲೆಲ್ಲ ಹರಡಿದ್ದವು. ಅದರಲ್ಲಿ ಯಾರು ಸತ್ತರೂ ನಮಗೆ ಸೂತಕ. ಸೂತಕ ಕಳೆದರೂ ವರ್ಷ ತುಂಬುವವರೆಗೆ ಬೆಟ್ಟ ಹತ್ತುವಂತಿಲ್ಲ ಎನ್ನುವುದು ನನ್ನ ತಾಯಿ ಹಿಡಿದ ಕಟ್ಟು. ನಾವು ಹೊರಡಬೇಕು ಅಂದುಕೊಂಡಾಗಲೆಲ್ಲ ಯಾವುದಾದರೂ ಮುದಿ ಜೀವ ಕಣ್ಣು ಮುಚ್ಚುತ್ತಿತ್ತು. ಎಂಥಾ ವಂಶ ಅಂತೀರಿ! ಬದುಕಿದ್ದಾಗ ಒಂದು ಸೇರು ರಾಗಿ ಕೊಡದವರು ಸಾಯುವಾಗ ಮಾತ್ರ ನಮ್ಮ ನೆಂಟರು. ಇನ್ನೇನು ವರ್ಷ ತುಂಬಿತು ಅನ್ನುವಾಗ ಮತ್ತೊಬ್ಬರು. ಹೀಗೇ ನಮ್ಮ ಪ್ರಾಯ ಕಳೆಯಿತು. ನನ್ನ ಹಾರ್ಮೋನಿಯಂ ಆಸೆಯನ್ನು ಗಣಿಯ ಧೂಳು ತಿಂದಿತು, ಉಸಿರೆಳೆದರೆ ನನ್ನ ಎದೆಯೇ ಪೀಪಿ ಊದತೊಡಗಿತ್ತು.

ಕೊನೆಗೂ ಒಂದು ವರ್ಷ ಯಾರೂ ಸಾಯಲಿಲ್ಲ. ನನ್ನ ತಾಯಿಯೇ ಮುಡಿಪನ್ನು ಇಳಿಸಿ ಕಣ್ಣಿಗೊತ್ತಿಕೊಂಡಳು. ಬುತ್ತಿ ಕಟ್ಟಿ ಮೂವರೂ ಬಂಗಾರಪೇಟೆಯ ಸ್ಟೇಷನ್ನಿಗೆ ಬಂದೆವು. ಇವಳು ಮದುವೆಯ ಸೀರೆ ಉಟ್ಟಿದ್ದಳು. ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಆ ಗಂಟನ್ನು ಬಿಚ್ಚಿ ನೋಡುವುದು, ಮತ್ತೆ ಕಟ್ಟುವುದು, ಇದೇ ಕೆಲಸ. ಎದುರಿನ ಹೋಟೆಲಿನಿಂದ ದೋಸೆಯ ವಾಸನೆ ಬರುತ್ತಿತ್ತು. "ಬರ್ತಾ ತಿನ್ನಾನ. ಆಗ ನಾವು ಸಮುದ್ರ ನೋಡ್ದೋರು, ಗತ್ತಾಗಿ ಕೂರಬೋದು" ಎಂದು ನನ್ನ ಪಕ್ಕೆ ತಿವಿದಳು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಮತ್ತೆ ನೋಡಲಿಲ್ಲ.

ರೈಲು ಬಂದು ನಿಂತಿತು. ಜನ ನುಗ್ಗಿದರು. ನಾನು ತಾಯಿಯನ್ನು ಹತ್ತಿಸಲು ಕೈ ಹಿಡಿದೆ. ಆಗ ಇವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಗೇಟಿನ ಹತ್ತಿರ ನಮ್ಮ ದಾಯಾದಿ ದೊಡ್ಡಜ್ಜನ ಮನೆಯ ಆಳು ನಿಂತಿದ್ದ. ಓಡಿಬಂದು ಏದುಸಿರು ಬಿಡುತ್ತಿದ್ದ. ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಬಿಗಿದಿದ್ದ.

ನಮ್ಮ ಕಡೆ ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಬೀಳದಿದ್ದರೆ ಇಲ್ಲ. ಮದುವೆಗೆ ಹೊರಟವರಿಗೆ, ದೇವರಿಗೆ ಹೊರಟವರಿಗೆ ಸುದ್ದಿ ಮುಚ್ಚಿಡುವುದೂ ಉಂಟು. ಆ ಆಳಿಗೂ ಅದು ಗೊತ್ತಿತ್ತು. ಸಿಕ್ಕರೆ ಹೇಳು ಎಂದು ಯಾರೋ ಅಟ್ಟಿದ್ದಕ್ಕೆ ಬಂದಿದ್ದ, ಆದರೆ ನಮ್ಮ ಕೈಯಲ್ಲಿ ಅರಿಶಿನದ ಗಂಟು ನೋಡಿ ಬಾಯಿ ಬಿಗಿದುಕೊಂಡು ನಿಂತುಬಿಟ್ಟಿದ್ದ. ನಾವು ಹತ್ತಿ ಹೋಗಲಿ ಎಂದೇ ಕಾದಿದ್ದ, ಪುಣ್ಯಾತ್ಮ. ನನ್ನ ತಾಯಿಗೆ ದೃಷ್ಟಿ ಮಂಜು, ಅವನು ಕಾಣಲೇ ಇಲ್ಲ.

"ಕೇಳ್ಬ್ಯಾಡ ಬಾವ. ನಿನ್ ಕಾಲಿಗೆ ಬೀಳ್ತೀನಿ. ಸುಮ್ಕೆ ರೈಲು ಅತ್ತು" ಎಂದು ಇವಳು ಪಿಸುಗುಟ್ಟಿದಳು.

ನಾನು ಕೇಳಿದೆ. "ಯಾರ್ಲಾ?"

ಬೇಕೆಂದು ಕೇಳಲಿಲ್ಲ. ಗಣಿಯಲ್ಲಿ ಶಿಫ್ಟು ಮುಗಿಸಿ ಮೇಲೆ ಬರುತ್ತೇವೆ. ಶಾಫ್ಟಿನ ಬಾಯಲ್ಲಿ ಯಾರಾದರೂ ಹಾಗೆ ತುಟಿ ಕಚ್ಚಿ ನಿಂತಿದ್ದರೆ, ಏನಾಯ್ತು ಅಂತ ಕೇಳುವವರಿಲ್ಲ. ಆಗಿದ್ದೇನು ಅಂತ ನಿಂತ ರೀತಿಯೇ ಹೇಳುತ್ತದೆ. ಯಾರು ಅಂತ ಮಾತ್ರ ಕೇಳುತ್ತೇವೆ. ಅಷ್ಟು ವರ್ಷ ಕೇಳಿ ಕೇಳಿ ಆ ಮಾತು ನನ್ನ ನಾಲಿಗೆಯಲ್ಲೇ ಕೂತಿತ್ತು, ನನ್ನನ್ನು ಕೇಳದೇ ಹೊರಗೆ ಬಿತ್ತು. ಸುಡುಗಾಡು ಬಾಯಿ.

"ದೊಡ್ಡಜ್ಜ ಓಗ್ಬುಟ್ರು" ಎಂದ ಅವನು, ತಲೆ ಎತ್ತದೆ.

ನನ್ನ ತಾಯಿಗೆ ಕಣ್ಣು ಮಂಜಾದರೂ ಕಿವಿ ಚುರುಕು. "ಅಯ್ಯೋ ತಿಮ್ಮಪ್ಪಾ!" ಎಂದವಳೇ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದಳು. ಹೊಲದ ಹದ್ದಿನ ಜಗಳದಲ್ಲಿ ನಮ್ಮ ಮುಖವನ್ನೂ ನೋಡದೆ ಬದುಕಿದ್ದ ಮುದುಕ ಆತ. ನನ್ನ ಮದುವೆಗೆ ಬರಲಿಲ್ಲ, ನಾನು ಕಲ್ಲಿನಡಿ ಸಿಕ್ಕಿದಾಗ ಬರಲಿಲ್ಲ. ಆ ದಿನ ಮಾತ್ರ ಸರಿಯಾದ ಹೊತ್ತಿಗೆ ಬಂದ.

ರೈಲು ಹೊರಟಿತು. ಡಬ್ಬಿಗಳೆಲ್ಲ ದಾಟಿ ಹೋಗುವವರೆಗೆ ಇವಳು ನೋಡುತ್ತ ನಿಂತಳು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಟಿಕೆಟ್ಟನ್ನು ನನ್ನ ಅಂಗೈಯಲ್ಲಿಟ್ಟಳು, ಅಷ್ಟೇ. ಹೋಟೆಲಿನ ಮುಂದೆ ಬಂದಾಗ, ಏನಾದರೂ ತಿಂದು ಹೋಗೋಣ ಎಂದೆ, ಅವಳ ಮುಖ ನೋಡಲಾರದೆ. "ಸೂತ್ಕದ ಮೈಯಾಗೆ ಓಟ್ಲಿಗೆ ಓಗ್ತಾರಾ?" ಎಂದು ಮುಂದೆ ನಡೆದಳು.

ಮುಂದಿನ ವರ್ಷ ನನ್ನ ತಾಯಿ ಹಾಸಿಗೆ ಹಿಡಿದಳು. ಅವಳು ಇಲ್ಲದೆ ಮುಡಿಪು ಒಪ್ಪಿಸುವಂತಿಲ್ಲ. ಆಮೇಲೆ ಅವಳೂ ಹೋದಳು, ಮತ್ತೆ ಒಂದು ವರ್ಷ. ಅದೂ ಕಳೆದ ಮೇಲೆ ನಮ್ಮನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ನಾನೇ ಎಷ್ಟೋ ಸಲ ಕರೆದೆ. ಗಾಡಿ ಕಟ್ಟಿಸುತ್ತೇನೆ ಬಾ ಎಂದೆ. ದೇವರು ಆಮೇಲೆ, ಮೊದಲು ಸಮುದ್ರಕ್ಕೇ ಹೋಗೋಣ ಎಂದೂ ಅಂದುಬಿಟ್ಟೆ.

"ಬ್ಯಾಡ ಬಾವ. ಆ ಟೇಸನ್ನಿಗೆ ನಾ ಬರಾಕಿಲ್ಲ" ಎನ್ನುತ್ತಿದ್ದಳು. "ರೈಲು ಬಂದು ನಿಂತ್ರೆ ನನ್ ಕಣ್ಣು ಗೇಟಿನ ಕಡೇನೇ ಓಗ್ತದೆ. ಇನ್ನೊಂದ್ಸಲ ನನ್ ಕೈಲಾಗಲ್ಲ."

ಕೋಪದಿಂದ ಆಡಿದ ಮಾತಲ್ಲ ಅದು. ಕೋಪವಾಗಿದ್ದರೆ ಇಳಿಸಬಹುದಿತ್ತು. ಸಮುದ್ರದ ಮಾತು ನಮ್ಮ ಬಾಗಿಲಿನಿಂದ ಎದ್ದು ಹೋಯಿತು. ಸಂಜೆ ಹೊತ್ತು ಕೂತರೆ ಮಳೆ, ಬೆಳೆ, ಮಂಡಿನೋವು. ಅವಳ ಆಸೆ ಅವಳಿಗಿಂತ ಮೊದಲೇ ಸತ್ತಿತು, ಅದನ್ನು ನಾನು ಕೂತು ನೋಡಿದೆ.

ಸತ್ತಿತು ಅಂದುಕೊಂಡಿದ್ದೆ. ಅವಳು ಕೊನೆಯ ಸಲ ಮಲಗಿದಾಗ ಗಂಜಿ ಕಾಯಿಸಿ ಕುಡಿಸುತ್ತಿದ್ದೆ. ಉಪ್ಪು ಜಾಸ್ತಿಯಾಗಿತ್ತೇನೋ, ಮುಖ ಕಿವುಚಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಅದು ನಿಜ್ವಾಗ್ಲೂ ಉಪ್ಪಾ ಬಾವ?" ಎಂದಳು. ನನಗೆ ಗೊತ್ತಿರಲಿಲ್ಲ. ನಾನೂ ನೋಡಿರಲಿಲ್ಲವಲ್ಲ. ಹೌದಂತೆ ಕಣೇ ಎಂದೆ. "ಅಂತೆ" ಎಂದು ನಕ್ಕಳು.

ಅವಳ ತಿಥಿಯ ಊಟ ಮುಗಿದ ಮಾರನೆಯ ದಿನ ನಾನು ತೊಲೆಯಿಂದ ಮುಡಿಪು ಇಳಿಸಿ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ವರ್ಷ ತುಂಬಿಲ್ಲ, ಎಲ್ಲಿಗೆ ಹೊರಟೆ ಎಂದು ನೆಂಟರು ಬಾಯಿಗೆ ಬಂದಂತೆ ಬೈದರು. ಬೈಯಲಿ. ಕಾಟ್ಪಾಡಿಯಲ್ಲಿ ಡಬ್ಬಿಯ ಅರ್ಧ ಜನ ತಿರುಪತಿಯ ರೈಲಿಗೆ ಇಳಿದರು. "ಇಳೀರಿ ತಾತ, ಬೆಟ್ಟಕ್ಕಲ್ವಾ?" ಎಂದು ಒಬ್ಬ ನನ್ನ ಸೊಂಟದ ಅರಿಶಿನದ ಗಂಟು ನೋಡಿ ಕೇಳಿದ. ನಾನು ಏಳಲಿಲ್ಲ. ತಿಮ್ಮಪ್ಪ ಇಷ್ಟು ವರ್ಷ ಕಾದಿದ್ದಾನೆ, ಇನ್ನೆರಡು ದಿನ ಕಾಯಲಿ ಎಂದುಕೊಂಡೆ.

ಸಮುದ್ರಕ್ಕೆ ಆಚೆ ದಡ ಇರಲಿಲ್ಲ. ಪಕ್ಕದ ಮನೆಯವಳು ಸುಳ್ಳು ಹೇಳಿರಲಿಲ್ಲ. ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೆ. ಬೆರಳು ಅದ್ದಿದೆ. ನಾಲಿಗೆಯ ಮೇಲಿಟ್ಟೆ.

"ಔದು ಕಣೇ, ಉಪ್ಪೇ" ಎಂದೆ, ಗಟ್ಟಿಯಾಗಿ.

ಮೀನಿನ ಬುಟ್ಟಿ ತೊಳೆಯುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. ಯಾರ ಜೊತೆ ಮಾತು ತಾತ ಎಂದು ತಮಿಳಿನಲ್ಲಿ ಕೇಳಿದಳು. ಗಣಿಯಲ್ಲಿ ಬಾಳಿದವನಿಗೆ ತಮಿಳು ಬಾರದಿರುತ್ತದೆಯೇ? ನನ್ನ ಹೆಂಡತಿಯ ಜೊತೆ ಎಂದೆ. ಅವಳು ನನ್ನ ಹಿಂದೆ ಮುಂದೆ ನೋಡಿ, ಎಲ್ಲಿದ್ದಾಳೆ ಎಂದಳು.

"ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ" ಎಂದೆ.