ಗುರುಪ್ರಸಾದರ ಒಣಗದ ಪರದೆ

ಡಚ್ಚರ ನಾಡಿನ ಹೂಫ್‌ಡಾರ್ಪ್ ಊರಿನ ನಮ್ಮ ಬೀದಿಯಲ್ಲಿ ಹಗಲಲ್ಲೂ ಪರದೆ ಎಳೆದಿರುತ್ತಿದ್ದ ಕಿಟಕಿ ಒಂದೇ, ಮೈಸೂರಿನ ಗುರುಪ್ರಸಾದರದು. ಡಚ್ಚರು ಊಟ, ಜಗಳ, ಆಕಳಿಕೆ ಎಲ್ಲವನ್ನೂ ಬೀದಿಗೆ ಕಾಣುವಂತೆ ಮಾಡುತ್ತಿದ್ದರೆ, ಇವರು ಊರಿನಿಂದ ತಂದ ಮೆರೂನ್ ಬಟ್ಟೆಯ ಹಿಂದೆ ಕೋಟೆ ಕಟ್ಟಿಕೊಂಡಿದ್ದರು. "ನೋಡಮ್ಮಾ, ನಮ್ಮನೆ ಏನು ಷೋರೂಮಾ? ದೃಷ್ಟಿ ಬೀಳುತ್ತೆ." ದೃಷ್ಟಿ ಬೀಳುವಂಥದ್ದು ಒಳಗೇನಿತ್ತೋ, ಒಂದು ಸೋಫಾ, ಅದರ ಮೇಲೆ ಇವರು.

ಕೊರೊನಾ ಬಂತು. ಮೈಸೂರಿಗೆ ಹೋಗಿದ್ದ ಹೆಂಡತಿ, ಮಗಳು ಅಲ್ಲೇ ಸಿಕ್ಕಿಕೊಂಡರು. ಇಂಥ ಹೊತ್ತಿನಲ್ಲಿ ನಮ್ಮ ಕನ್ನಡ ಬಳಗದ ವಿಡಿಯೋ ಕಾಲ್‌ನಲ್ಲಿ ಮನೋಬಲದ ಬಗ್ಗೆ ಉಪನ್ಯಾಸ ಕೊಟ್ಟವರು ಇವರೇ. "ಡಿಪ್ರೆಶನ್ ಗಿಪ್ರೆಶನ್ ಎಲ್ಲಾ ಕೆಲ್ಸ ಇಲ್ದೋರ ಕಾಯ್ಲೆ. ಪ್ರಾಣಾಯಾಮ ಮಾಡಿ!" ಯುಟ್ರೆಕ್ಟ್ ನಗರದ ಕೋಣೆಯೊಂದರಲ್ಲಿ ಒಬ್ಬಳೇ ಇದ್ದ ವಿದ್ಯಾರ್ಥಿನಿ "ನಿದ್ದೆನೇ ಬರಲ್ಲ ಸರ್" ಎಂದದ್ದಕ್ಕೆ, "ಫೋನ್ ಕಮ್ಮಿ ನೋಡು" ಎಂದು ತೀರ್ಪು ಕೊಟ್ಟರು. ನನಗೆ ಮೈಯೆಲ್ಲ ಉರಿಯಿತು.

ಕಾಲ್ ಮುಗಿದು ಎಲ್ಲರೂ ಹೋದರು. ಸಾರು ಉಕ್ಕಿತೆಂದು ಒಲೆಯ ಕಡೆ ಓಡಿದ ನಾನು ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ಅದರಿಂದ ಗುರುಪ್ರಸಾದರ ದನಿ ಬಂತು: "ಇನ್ಯಾರಾದ್ರೂ ಇದೀರಾ? ಯಾರೂ ಇಲ್ವಾ?"

ಮರುದಿನ ಸಾರಿನ ಡಬ್ಬಿ ಹಿಡಿದು ಹೋದರೆ ಕಿಟಕಿಯಲ್ಲಿ ಪರದೆಯೇ ಇಲ್ಲ. ಇಸ್ತ್ರಿ ಅಂಗಿ ತೊಟ್ಟು, ಊಟದ ಮೇಜನ್ನು ಗಾಜಿಗೇ ಒತ್ತಿಸಿಕೊಂಡು ಕೂತಿದ್ದರು. "ಪರದೆ ಒಗೆಯೋಕೆ ಹಾಕಿದೀನಿ!" ಎಂದು ಒಳಗಿನಿಂದಲೇ ಕೂಗಿದರು. ವಾರಗಳು ಕಳೆದರೂ ಅದು ಒಣಗಲಿಲ್ಲ. ಕೇಳಿದರೆ, "ಈ ದೇಶದ ಬಿಸಿಲೇ ಹಂಗಮ್ಮಾ." ಆ ಏಪ್ರಿಲ್‌ನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು.

ಒಂದು ಮಧ್ಯಾಹ್ನ ಡಬ್ಬಿ ಇಟ್ಟು ಹೊರಟವಳನ್ನು ಗಾಜು ತಟ್ಟಿ ನಿಲ್ಲಿಸಿದರು. "ನನ್ನ ಊಟ ಆಗೋವರ್ಗೂ ಅಲ್ಲೇ ನಿಂತಿರ್ತೀಯಾಮ್ಮಾ? ಮಾತಾಡೋದೇನೂ ಬೇಡ." ಅವರ ಕಣ್ಣು ತುಂಬಿತ್ತು. ಸೈಕಲ್ ಹಿಡಿದು ನಿಂತೆ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಂದಿನಿಂದ ದಿನವೂ ಹಾಗೆಯೇ ನಿಲ್ಲುತ್ತಿದ್ದೆ.

ವಿಮಾನ ಶುರುವಾಗಿ ಹೆಂಡತಿ, ಮಗಳು ಬಂದಿಳಿದ ದಿನವೇ ಪರದೆ ಒಣಗಿತು! ಮುಂದಿನ ಕಾಲ್‌ನಲ್ಲಿ ಮತ್ತೆ ಉಪನ್ಯಾಸ: "ನಾನೊಬ್ನೇ ಇದ್ದೆ, ನಂಗೇನಾದ್ರೂ ಆಯ್ತಾ?" ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಯುಟ್ರೆಕ್ಟ್‌ನ ಹುಡುಗಿ ಅದನ್ನು ಕೇಳಲಿಲ್ಲ. ಓದು ಬಿಟ್ಟು ಊರಿಗೆ ಹೋಗಿದ್ದಳು.

ಕಳೆದ ವರ್ಷ ಗುರುಪ್ರಸಾದರೂ ಮೈಸೂರಿಗೆ ಮರಳಿದರು. ಬೀಳ್ಕೊಡಲು ಹೋದೆ. "ನಿನ್ ಸಾರಲ್ಲಿ ಉಪ್ಪು ಯಾವಾಗ್ಲೂ ಒಂಚೂರು ಕಮ್ಮಿ ಕಣಮ್ಮಾ," ಎಂದಷ್ಟೇ ಹೇಳಿ ಟ್ಯಾಕ್ಸಿ ಹತ್ತಿದರು.

ಈಗ ಆ ಮನೆಯಲ್ಲಿ ಡಚ್ ದಂಪತಿ ಇದ್ದಾರೆ, ಕಿಟಕಿಗೆ ಪರದೆಯಿಲ್ಲ. ಮಧ್ಯಾಹ್ನ ಆ ದಾರಿಯಲ್ಲಿ ಸೈಕಲ್ ತುಳಿದು ಹೋದರೆ ನನ್ನ ಕಾಲು ತಾನಾಗಿ ನೆಲಕ್ಕೆ ಊರುತ್ತದೆ. ಅವರು ಊಟ ಮಾಡುತ್ತಾರೆ, ನಾನು ಸೈಕಲ್ ಹಿಡಿದು ನಿಂತಿರುತ್ತೇನೆ. ಮೊನ್ನೆ ಆ ಹೆಂಗಸು ಎದ್ದು ಬಂದು, ಬಾಗಿಲು ತೆರೆದು, ನನಗೆ ಹುಷಾರಿದೆಯೇ ಎಂದು ಕೇಳಿದಳು.